ಧಾರವಾಡ: ಬಂದವರೇ ಕಟ್ಟಿದ ಊರು

ಧಾರವಾಡಕ್ಕೆ ಮೊದಲ ಸಲ ಬರುವ ಪ್ರವಾಸಿಗನಿಗೆ ಸಣ್ಣದೊಂದು ನಿರಾಸೆ ಕಾದಿರುತ್ತದೆ. ‘ಇಲ್ಲಿ ನೋಡುವಂಥದ್ದು ಏನಿದೆ?’ ಎಂದು ಕೇಳಿದರೆ ಊರವರು ತುಸು ತಡವರಿಸುತ್ತಾರೆ. ಮೈಸೂರಿಗೆ ಅರಮನೆಯಿದೆ, ವಿಜಯಪುರಕ್ಕೆ ಗೋಳಗುಮ್ಮಟವಿದೆ, ಬಾದಾಮಿಗೆ ಗುಹೆಗಳಿವೆ. ಧಾರವಾಡದಲ್ಲಿಯೂ ಒಂದು ಕೋಟೆಯಿತ್ತು. ಈಗ ಅದರ ಬಾಗಿಲಿನ ಹೊರತು ಹೇಳಿಕೊಳ್ಳುವಂಥದ್ದೇನೂ ಉಳಿದಿಲ್ಲ. ಊರ ಮಗ್ಗುಲಲ್ಲಿ ನದಿ ಹರಿಯುವುದಿಲ್ಲ. ಸಮುದ್ರವಿರುವುದು ಘಟ್ಟದ ಆಚೆ. ಕಡೆಗೆ ಊರವರ ಉತ್ತರ ಒಂದೇ: ‘ಪೇಢೆ ತಗೊಂಡು ಹೋಗ್ರಿ.’

ಆದರೂ ಈ ಊರಿಗೆ ಜನ ಬರುವುದು ನಿಂತಿಲ್ಲ. ಅದರಲ್ಲಿಯೂ ಹರೆಯದವರು. ಹದಿನೆಂಟರಿಂದ ಇಪ್ಪತ್ತೈದರೊಳಗಿನ ಹುಡುಗ ಹುಡುಗಿಯರು ಟ್ರಂಕು ಹಿಡಿದು, ಈಗೀಗ ಬೆನ್ನಿಗೆ ಚೀಲ ಹೇರಿಕೊಂಡು, ಸುಮಾರು ಒಂದೂವರೆ ಶತಮಾನದಿಂದ ಇಲ್ಲಿ ಇಳಿಯುತ್ತಲೇ ಇದ್ದಾರೆ. ಇದು ಹೇಗೆ ಸಾಧ್ಯವಾಯಿತು? ಬಂದರು ಪಟ್ಟಣಕ್ಕೆ ಜನರನ್ನು ಹಡಗು ತರುತ್ತದೆ, ತೀರ್ಥಕ್ಷೇತ್ರಕ್ಕೆ ದೇವರು ಕರೆಸಿಕೊಳ್ಳುತ್ತಾನೆ, ರಾಜಧಾನಿಗೆ ಅಧಿಕಾರ ಎಳೆದುಕೊಳ್ಳುತ್ತದೆ. ಒಳನಾಡಿನ ನಡುಗಾತ್ರದ ಊರಿಗೆ ಈ ಮೂರೂ ಇಲ್ಲ. ಅಲ್ಲಿಗೆ ಜನ ಬರಬೇಕಾದರೆ ಯಾರೋ ಒಬ್ಬರು ಒಂದು ಶಾಲೆಯನ್ನೋ, ಕಚೇರಿಯನ್ನೋ, ಅಚ್ಚುಕೂಟವನ್ನೋ ತಂದು ನಿಲ್ಲಿಸಬೇಕು. ಬಂದವರಿಗೆ ಅಗ್ಗದಲ್ಲಿ ಅನ್ನ ಸಿಗಬೇಕು. ಸಂಜೆ ಹೋಗಿ ಕೂಡಲಿಕ್ಕೆ ಒಂದು ಜಾಗವಿರಬೇಕು. ಧಾರವಾಡದ ಇತಿಹಾಸವನ್ನು ತೆರೆದು ನೋಡಿದರೆ ಕಾಣುವುದು ಇಷ್ಟೇ. ‘ಧಾರವಾಡದ್ದು’ ಎಂದು ನಾವು ಹೆಮ್ಮೆಯಿಂದ ಹೇಳುವ ಹೆಚ್ಚಿನ ಸಂಗತಿಗಳು ಹೊರಗಿನಿಂದ ಬಂದವರು ತಂದವು.

ಪೇಢೆಯಿಂದಲೇ ಆರಂಭಿಸಬಹುದು. ಅದನ್ನು ಇಲ್ಲಿ ಮೊದಲು ಮಾಡಿದ ಠಾಕೂರ ಮನೆತನ ಈಗಿನ ಉತ್ತರ ಪ್ರದೇಶದ ಉನ್ನಾವದಿಂದ ಬಂದದ್ದು. ಪ್ಲೇಗಿಗೆ ಅಂಜಿ ಊರು ಬಿಟ್ಟ ರಾಮರತನ ಸಿಂಗ್ ಠಾಕೂರ್ ಧಾರವಾಡದಲ್ಲಿ ನೆಲೆ ನಿಂತರೆಂಬುದು ಆ ಮನೆತನದಲ್ಲಿ ನಡೆದುಬಂದ ಮಾತು. ಲೈನ್ ಬಜಾರಿನ ಅವರ ಅಂಗಡಿ ಒಂದು ಕಾಲಕ್ಕೆ ದಿನದಲ್ಲಿ ಕೆಲವೇ ತಾಸು ತೆರೆದಿರುತ್ತಿತ್ತು, ಜನ ಸರದಿ ನಿಂತು ಕೊಳ್ಳುತ್ತಿದ್ದರು. ಇಂದು ಆ ಸಿಹಿಗೆ ಭೌಗೋಳಿಕ ಸೂಚಿಯ ಮುದ್ರೆಯೂ ಬಿದ್ದಿದೆ. ಇಲ್ಲಿನ ಹಾಲು ಎಮ್ಮೆಯದು, ಕೈಹದ ಮಾತ್ರ ಗಂಗಾತೀರದ್ದು.

ಧಾರವಾಡ ದೊಡ್ಡ ಊರಿನ ಲೆಕ್ಕಕ್ಕೆ ಸೇರಿದ್ದು ಕಂಪನಿ ಸರಕಾರದ ಕಾಲದಲ್ಲಿ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದ ಮೇಲೆ ಇದು ಕಲೆಕ್ಟರ್ ಕಚೇರಿಯ ಊರಾಯಿತು. 1824ರಲ್ಲಿ ಕಿತ್ತೂರಿನಲ್ಲಿ ಹತನಾದ ಥ್ಯಾಕರೆ ಇಲ್ಲಿಯ ಕಲೆಕ್ಟರನೇ. ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಬಂದು ಬಿಡಾರ ಹೂಡಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಂಡ್ ಕಿಟೆಲ್ ಕನ್ನಡದ ನೆಲದಲ್ಲಿ ಮೊದಲ ವರ್ಷಗಳನ್ನು ಕಳೆದದ್ದು ಈ ಸೀಮೆಯಲ್ಲಿಯೇ.

ಆ ದಿನಗಳಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಭಾಗಕ್ಕೆ ‘ದಕ್ಷಿಣ ಮರಾಠಾ ಸೀಮೆ’ ಎಂದು ಹೆಸರು. ಶಾಲೆಗಳಲ್ಲಿ ಮರಾಠಿ ನಡೆಯುತ್ತಿತ್ತು, ಮನೆಯಲ್ಲಿ ಕನ್ನಡ ಮಾತಾಡುವ ಹುಡುಗರೂ ಮರಾಠಿಯಲ್ಲಿಯೇ ಅಕ್ಷರ ಕಲಿಯುತ್ತಿದ್ದರು. ಇದನ್ನು ತಿರುಗಿಸಿದವರಲ್ಲಿ ಮುಖ್ಯರು ಡೆಪ್ಯುಟಿ ಚನ್ನಬಸಪ್ಪನವರು. ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದರಿಂದ ಹೆಸರಿಗೆ ‘ಡೆಪ್ಯುಟಿ’ ಅಂಟಿಕೊಂಡಿತು. ಕನ್ನಡ ಶಾಲೆ ತೆರೆದರೆ ಸಾಲದು, ಕನ್ನಡ ಕಲಿಸುವ ಮಾಸ್ತರರು ಬೇಕಲ್ಲ? ಅವರನ್ನು ತಯಾರಿಸಿದ್ದು ಧಾರವಾಡದ ಟ್ರೇನಿಂಗ್ ಕಾಲೇಜು. ನಾಲ್ಕು ಜಿಲ್ಲೆಗಳ ಹಳ್ಳಿಗಳಿಂದ ಹುಡುಗರು ಇಲ್ಲಿಗೆ ಬಂದು, ಮಾಸ್ತರರಾಗಿ ಮರಳಿ ಹೋಗುತ್ತಿದ್ದರು. ಊರಿನ ಹೆಸರು ಹಳ್ಳಿಹಳ್ಳಿಗೆ ಹೋದದ್ದು ಹೀಗೆ, ಮಾಸ್ತರರ ಬಾಯಲ್ಲಿ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆ ಮುಂತಾದವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದಾಗ ಅದಕ್ಕೆ ಸಿದ್ಧವಾದ ಓದುಗ ಬಳಗವೊಂದು ಆಗಲೇ ಇತ್ತು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಒಂದು ಕಟ್ಟಡ. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಈ ಭಾಗದಲ್ಲಿ ಹಳಿ ಹಾಕಿದಾಗ ತನ್ನ ಮುಖ್ಯ ಕಚೇರಿಯನ್ನು ಇಟ್ಟದ್ದು ಧಾರವಾಡದಲ್ಲಿ. ಕಾರ್ಖಾನೆ ಹುಬ್ಬಳ್ಳಿಗೆ, ಕಾಗದಪತ್ರ ಧಾರವಾಡಕ್ಕೆ. ಅವಳಿ ನಗರಗಳ ಸ್ವಭಾವ ಅಂದೇ ಬೇರೆಯಾಯಿತೆಂದರೂ ಸಲ್ಲುತ್ತದೆ. ಆದರೆ 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿಕೊಂಡಿತು, ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಸಾಹೇಬರು ಹೋದರು, ಗುಮಾಸ್ತರು ಹೋದರು, ಕಲ್ಲಿನ ದೊಡ್ಡ ಕಟ್ಟಡ ಖಾಲಿ ಬಿತ್ತು. ಎಷ್ಟೋ ಒಳನಾಡಿನ ಊರುಗಳು ಇಂಥದೇ ಪೆಟ್ಟಿಗೆ ಸೊರಗಿ ಹೋಗಿವೆ.

ಧಾರವಾಡ ಸೊರಗಲಿಲ್ಲ. ಆ ಕಾಲಕ್ಕೆ ಮುಂಬಯಿ ಕರ್ನಾಟಕದಲ್ಲಿ ಒಂದು ಪದವಿ ಕಾಲೇಜೂ ಇರಲಿಲ್ಲ. ಬಿ.ಎ. ಓದಬೇಕೆನ್ನುವ ಹುಡುಗ ಪುಣೆಗೋ ಮುಂಬಯಿಗೋ ಹೋಗಬೇಕು. ಹೋಗುವ ಶಕ್ತಿಯಿಲ್ಲದವನು ಮ್ಯಾಟ್ರಿಕ್ ಮುಗಿಸಿ ಕಾರಕೂನಿಕೆ ಹಿಡಿಯಬೇಕು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮುಂತಾದವರು ಇದಕ್ಕಾಗಿ ಓಡಾಡಿ, ವಂತಿಗೆ ಕೂಡಿಸಿ, ಸರಕಾರದ ಬೆನ್ನು ಹತ್ತಿದರು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಮುಂದೆ ಅದಕ್ಕೆ ಸಿಕ್ಕಿದ್ದು ಅದೇ ರೈಲ್ವೆ ಕಚೇರಿಯ ಕಟ್ಟಡ. ಹಳಿಗಳ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಕಾಳಿದಾಸ, ಶೇಕ್ಸ್‌ಪಿಯರ್ ನಡೆದರು. ಇಂದಿಗೂ ಆ ಕಟ್ಟಡದ ಮುಂದೆ ನಿಂತವರಿಗೆ ಇದು ಕಾಲೇಜಿಗಾಗಿ ಕಟ್ಟಿದ್ದಲ್ಲ ಎಂದು ಹೇಳಿದರೆ ನಂಬುವುದು ಕಷ್ಟ.

ಕಾಲೇಜು ಬಂದ ಐದೇ ವರ್ಷಕ್ಕೆ, 1922ರ ಹೊತ್ತಿಗೆ, ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿತು. ಬೇಂದ್ರೆ ಹುಟ್ಟಿದ್ದು ಧಾರವಾಡದಲ್ಲಿ, ಓದಿದ್ದು ಪುಣೆಯಲ್ಲಿ. ಉಳಿದವರ ಮೂಲ ನೋಡಿ: ವಿ.ಕೃ. ಗೋಕಾಕ ಸವಣೂರಿನವರು, ಶಂಬಾ ಜೋಶಿ ಗುರ್ಲಹೊಸೂರಿನವರು, ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲ್ಲೂಕಿನ ಬೆಟಗೇರಿಯವರು, ಜಿ.ಬಿ. ಜೋಶಿ ಗದಗಿನ ಬಳಿಯ ಹೊಂಬಳದವರು. ಓದಲಿಕ್ಕೋ ಮಾಸ್ತರಿಕೆಗೋ ಬಂದು, ಸಾಧನಕೇರಿಯ ದಂಡೆಗೂ ಅತ್ತಿಕೊಳ್ಳದ ಕಡೆಗೂ ಒಟ್ಟಿಗೆ ಅಡ್ಡಾಡುತ್ತ, ಒಬ್ಬರ ಬರಹವನ್ನು ಒಬ್ಬರು ಕೇಳುತ್ತ ಬೆಳೆದವರು. ಧಾರವಾಡದಲ್ಲಿ ಕಲ್ಲು ಎಸೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಎಂಬ ಹಳೆಯ ಚೇಷ್ಟೆಯ ಮಾತಿದೆ. ಆ ಕವಿ ಬಹುಮಟ್ಟಿಗೆ ಬಾಡಿಗೆ ಮನೆಯಲ್ಲಿರುತ್ತಿದ್ದ ಎಂಬುದನ್ನು ಆ ಮಾತು ಹೇಳುವುದಿಲ್ಲ.

ಊರು ಚಿಕ್ಕದಿದ್ದುದು ಇಲ್ಲಿ ದೊಡ್ಡ ಅನುಕೂಲವಾಯಿತು. ಕಾಲೇಜು, ಗ್ರಂಥಾಲಯ, ಅಚ್ಚುಕೂಟ, ಖಾನಾವಳಿ, ಗೆಳೆಯನ ಕೋಣೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದವು. ಮುಂಬಯಿಯಲ್ಲಿ ಒಬ್ಬ ಹೊಸ ಬರಹಗಾರ ಪ್ರಕಾಶಕನನ್ನು ಕಾಣಲು ಟ್ರಾಮು ಹತ್ತಿ, ಹೊರಗಿನ ಬಾಂಕಿನ ಮೇಲೆ ಕಾಯಬೇಕು. ಇಲ್ಲಿ ಪ್ರಕಾಶಕ ಸಂಜೆ ಎದುರಿಗೇ ಸಿಗುತ್ತಿದ್ದ. ಊಟದ ಮಾತನ್ನೂ ಮರೆಯುವಂತಿಲ್ಲ. ಮುರುಘಾಮಠದ ಉಚಿತ ಪ್ರಸಾದ ನಿಲಯ ಇಲ್ಲದಿದ್ದರೆ ಈ ಭಾಗದ ಎಷ್ಟೋ ರೈತರ ಮಕ್ಕಳು ಕಾಲೇಜಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.

ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ವರ್ಷದ ಚಂದಾ ಕೊಟ್ಟವರಿಗೆ ಪುಸ್ತಕಗಳನ್ನು ಕಳಿಸುವ ಪದ್ಧತಿ. ದೊಡ್ಡ ಬಂಡವಾಳವಿಲ್ಲ, ಊರೂರಿನ ಓದುಗರ ವಿಶ್ವಾಸವೇ ಬಂಡವಾಳ. ಸುಭಾಸ ರಸ್ತೆಯ ಅದರ ಕಚೇರಿಗೆ ‘ಅಟ್ಟ’ ಎಂದೇ ಹೆಸರು. ಗದಗಿನಿಂದ ಬಂದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅಟ್ಟದ ಹರಟೆಯ ಜೀವಾಳವಾಗಿದ್ದರು. ಶಿರಸಿಯಿಂದ ಹದಿನಾಲ್ಕರ ಹರೆಯದಲ್ಲಿ ಧಾರವಾಡಕ್ಕೆ ಬಂದ ಗಿರೀಶ ಕಾರ್ನಾಡ, 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಗಣಿತದಲ್ಲಿ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೋದರು. ಅವರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಬಂದದ್ದು ಈ ಅಟ್ಟದಿಂದ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುಳಿತು ಬರೆದ ‘ಸಂಸ್ಕಾರ’ 1965ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಇಂಗ್ಲೆಂಡಿನಲ್ಲಿದ್ದ ಇಬ್ಬರು ತರುಣರ ಹಸ್ತಪ್ರತಿಗಳು ಬೆಂಗಳೂರು, ಮೈಸೂರುಗಳನ್ನು ಬಿಟ್ಟು ಒಳನಾಡಿನ ಈ ಮಾಳಿಗೆಯನ್ನು ಹುಡುಕಿಕೊಂಡು ಬಂದವು! ಕಾರ್ನಾಡರು ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದರೂ, 2011ರಲ್ಲಿ ಬಂದ ಆತ್ಮಕಥೆಯವರೆಗೆ ಪುಸ್ತಕಗಳನ್ನು ಅಟ್ಟಕ್ಕೇ ಕೊಟ್ಟರು.

ಸಂಗೀತದ ಕಥೆಗೂ ರೈಲಿಗೂ ನಂಟಿದೆ. ಕನ್ನಡ ನಾಡಿನ ಈ ತುಂಡಿನಲ್ಲಿ ಹಿಂದುಸ್ತಾನಿ ಸಂಗೀತ ಹೇಗೆ ಬೇರೂರಿತು ಎಂದು ಹೊರಗಿನವರು ಬೆರಗಾಗುತ್ತಾರೆ. ಮುಂಬಯಿ ಪ್ರಾಂತದ ಆಡಳಿತ, ಮರಾಠಿ ನಾಟಕ ಕಂಪನಿಗಳ ಸಂಚಾರ ಇದಕ್ಕೆ ಕಾರಣಗಳು ಹೌದು. ಇನ್ನೊಂದು ಕಾರಣ ಮೈಸೂರು ಅರಮನೆ. ಅಲ್ಲಿಯ ದಸರೆಗೆ ಉತ್ತರದ ಉಸ್ತಾದರಿಗೆ ಕರೆ ಹೋಗುತ್ತಿತ್ತು. ಮಿರಜಿನಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಹಾದು ಮೈಸೂರು ಸೇರುವ ಆ ದಾರಿಯಲ್ಲಿ ಅವರು ಇಳಿದು, ನಾಲ್ಕು ದಿನ ನಿಂತು, ಹಾಡಿ ಮುಂದೆ ಹೋಗುತ್ತಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಹೀಗೆ ಬಂದುಹೋಗುವಾಗಲೇ ಕುಂದಗೋಳದ ರಾಮಭಾವು ಅವರ ಶಿಷ್ಯರಾದರು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು. ಭಾಸ್ಕರಬುವಾ ಬಖಲೆಯವರು ಇದೇ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಮಾಸ್ತರರಾಗಿದ್ದರು. ಸಿತಾರ ರತ್ನ ರಹಿಮತ್ ಖಾನರು ಬಂದವರು ಇಲ್ಲಿಯೇ ಉಳಿದುಬಿಟ್ಟರು. ಅವರ ಮೊಮ್ಮಗ ಬಾಲೆ ಖಾನರ ಕಾಲಕ್ಕೆ ಸಿತಾರ ಎಂದರೆ ಧಾರವಾಡ ಎನ್ನುವಷ್ಟು ಆ ವಿದ್ಯೆ ಊರಿನದಾಗಿತ್ತು.

ಬಂದ ವಿದ್ಯೆ ಉಳಿಯಬೇಕಾದರೆ ಸಂಬಳ ಬೇಕು. ಊರಿನ ಬಗ್ಗೆ ಬರೆಯುವವರು ‘ಧಾರವಾಡದ ಮಣ್ಣಿನ ಗುಣ’ ಎಂದು ಬರೆದು ಮುಗಿಸುತ್ತಾರೆ. ಮಣ್ಣಿನ ಗುಣಕ್ಕಿಂತ ಆಕಾಶವಾಣಿಯ ಗುಣ ದೊಡ್ಡದು ಎಂದು ನನಗೆ ಅನಿಸುತ್ತದೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಊರ ಮಗ್ಗುಲಿನ ಮನಸೂರಿನಲ್ಲಿ ಹುಟ್ಟಿ, ಮಿರಜಿನಲ್ಲಿ ನೀಲಕಂಠಬುವಾ ಅವರಿಂದಲೂ ಮುಂಬಯಿಯಲ್ಲಿ ಜೈಪುರ ಘರಾಣೆಯ ಮಂಜಿ ಖಾನ್, ಭುರ್ಜಿ ಖಾನರಿಂದಲೂ ಕಲಿತ ಮಲ್ಲಿಕಾರ್ಜುನ ಮನಸೂರರು ಅದರ ಸಂಗೀತ ಸಲಹೆಗಾರರಾದರು. ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ತೆರೆದಾಗ ಅದಕ್ಕೂ ಅವರದೇ ಮುಂದಾಳುತನ. ಮುಂಬಯಿ, ಪುಣೆಗಳಲ್ಲಿ ಕಚೇರಿ ಮಾಡಿ ರೈಲು ಹತ್ತಿ ಮನೆಗೆ ಮರಳಬಹುದಾದ ಬದುಕು ಹೀಗೆ ಸಾಧ್ಯವಾಯಿತು. 1992ರಲ್ಲಿ ತೀರಿಕೊಳ್ಳುವವರೆಗೆ ಅವರು ಧಾರವಾಡದವರಾಗಿಯೇ ಇದ್ದರು. ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಬಸವರಾಜ ರಾಜಗುರು ಅವರಿಗೂ ಇದೇ ಊರು ನೆಲೆ. ಸಣ್ಣ ಊರಿನಲ್ಲಿ ದೊಡ್ಡ ಗುರುಗಳು ಇದ್ದರೆ ಶಿಷ್ಯರು ಬರುತ್ತಾರೆ. ಬಂದ ಶಿಷ್ಯರಿಗೆ ಕೋಣೆ ಬಾಡಿಗೆ ಕೈಗೆಟಕುವಂತಿದ್ದರೆ ಉಳಿಯುತ್ತಾರೆ.

ಆದರೆ ಈ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆದಿರಲಿಲ್ಲ. ಖಾನಾವಳಿಗಳಿಗೆ ಜಾತಿಯಿತ್ತು, ಬೋರ್ಡಿಂಗುಗಳಿಗೆ ಜಾತಿಯಿತ್ತು. ಗೆಳೆಯರ ಗುಂಪಿನ ಹೆಸರುಗಳನ್ನು ಮತ್ತೊಮ್ಮೆ ಓದಿದರೆ ಹೆಣ್ಣುಮಕ್ಕಳು ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಗಂಗೂಬಾಯಿ ಹಾನಗಲ್ 1913ರಲ್ಲಿ ಹುಟ್ಟಿದ್ದು ಧಾರವಾಡದ ಶುಕ್ರವಾರ ಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅಬ್ದುಲ್ ಕರೀಂ ಖಾನರೂ ಆಕೆಯ ಹಾಡು ಕೇಳಲು ಬರುತ್ತಿದ್ದರು. ಆದರೆ ಹಾಡುವ ಹೆಂಗಸರ ಮನೆತನವೆಂಬ ಕಾರಣಕ್ಕೆ ಮರ್ಯಾದಸ್ಥರ ಓಣಿ ಅವರನ್ನು ದೂರವೇ ಇಟ್ಟಿತ್ತು. ಗಂಗೂಬಾಯಿಯ ಕಲಿಕೆಗಾಗಿ ಮನೆಯೇ ಹುಬ್ಬಳ್ಳಿಗೆ ಹೋಯಿತು. ಅಲ್ಲಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಆಕೆ ಕಲಿತದ್ದು. ಧಾರವಾಡ ತನ್ನ ಮಗಳೆಂದು ಅವರನ್ನು ಹೊಗಳಿಕೊಳ್ಳುವಾಗ ಈ ಭಾಗವನ್ನೂ ಹೇಳಬೇಕು.

ಸ್ವಾತಂತ್ರ್ಯಾನಂತರ ಊರಿಗೆ ಸಂಸ್ಥೆಗಳು ಒಂದರ ಮೇಲೊಂದು ಬಂದವು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಬೇಗನೆ ಇಲ್ಲಿಗೆ ಬಂತು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರು ಗುಡ್ಡದ ಮೇಲಿನ ಅದರ ಆವರಣಕ್ಕೆ ಈಗಿನ ರೂಪ ಕೊಟ್ಟರು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, ದೀರ್ಘ ಹೋರಾಟದ ನಂತರ 2008ರ ಜುಲೈಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ (ಅದು 2013ರಲ್ಲಿ ಕಾಯಂ ಆಯಿತು), 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ. 2023ರ ಜೂನ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲೂ ಆರಂಭವಾಯಿತು. ಪಟ್ಟಿ ನೋಡಿದರೆ ಊರಿಗೆ ಇನ್ನೇನು ಬೇಕು ಎನಿಸೀತು.

ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. 1917ರ ಕಾಲೇಜು ಊರಿನ ಹತ್ತಿರ, ಖಾಲಿ ಬಿದ್ದ ಕಟ್ಟಡದಲ್ಲಿ ನೆಲೆ ಕಂಡಿತು. ಅದರ ಹುಡುಗರು ಊರೊಳಗೆ ಕೋಣೆ ಹಿಡಿದರು, ಊರಿನ ಜಗುಲಿಗಳ ಮೇಲೆ ಕುಳಿತರು. ಹೊಸ ಸಂಸ್ಥೆಗಳು ಹೆದ್ದಾರಿಯ ಬದಿಗೆ, ಹಳ್ಳಿಗಳ ಹೊಲಗಳಿಗೆ ಹೋಗಿವೆ. ಹೈಕೋರ್ಟ್ ಪೀಠ ಬೇಲೂರಿನ ಬಳಿ, ಐಐಐಟಿ ತಡಸಿನಕೊಪ್ಪದಲ್ಲಿ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಐಐಟಿ ಆವರಣ ಚಿಕ್ಕಮಲ್ಲಿಗವಾಡದಲ್ಲಿ. ಜಾಗ ಬೇಕು ಎಂಬುದು ನಿಜ, ಊರೊಳಗೆ ಅಷ್ಟು ಜಾಗ ಎಲ್ಲಿ? ಆದರೆ ಗೋಡೆಯೊಳಗೇ ವಸತಿ, ಗೋಡೆಯೊಳಗೇ ಊಟ, ಗೋಡೆಯೊಳಗೇ ಆಟವಿರುವ ಹುಡುಗ ನಾಲ್ಕು ವರ್ಷ ಓದಿ ಸುಭಾಸ ರಸ್ತೆಯನ್ನು ಒಮ್ಮೆಯೂ ನೋಡದೆ ಹೋಗಬಹುದು. ಅವನ ಪ್ರಮಾಣಪತ್ರದ ಮೇಲೆ ಮಾತ್ರ ಧಾರವಾಡ ಎಂದಿರುತ್ತದೆ. 2018ರಲ್ಲಿ ಓಡತೊಡಗಿದ ‘ಚಿಗರಿ’ ಬಸ್ಸು ಧಾರವಾಡವನ್ನು ಹುಬ್ಬಳ್ಳಿಗೆ ಚೆನ್ನಾಗಿ ಬೆಸೆದಿದೆ. ಧಾರವಾಡವನ್ನು ಅದರ ಹೊಸ ವಿದ್ಯಾರ್ಥಿಗಳಿಗೆ ಹಾಗೆ ಬೆಸೆಯುವ ಕೆಲಸ ಬಾಕಿಯಿದೆ. 1962ರಿಂದ ಹುಬ್ಬಳ್ಳಿಯೊಡನೆ ಒಂದೇ ಪಾಲಿಕೆಯಲ್ಲಿದ್ದ ಊರಿಗೆ ಪ್ರತ್ಯೇಕ ಮಹಾನಗರ ಪಾಲಿಕೆ ಬೇಕೆಂಬ ಬೇಡಿಕೆಗೆ ಸರಕಾರ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆ ಪಾಲಿಕೆಯ ಮುಂದೆ ರಸ್ತೆ, ಚರಂಡಿಗಳ ಜೊತೆಗೆ ಈ ಪ್ರಶ್ನೆಯೂ ಬರಬೇಕು.

ಹಾಗಾದರೆ ಇಂದು ಊರೊಳಗೆ ಬಂದು ಕೋಣೆ ಹಿಡಿಯುವ ತರುಣರು ಯಾರು? ಸಪ್ತಾಪುರದತ್ತ ಹೋದರೆ ಉತ್ತರ ಸಿಗುತ್ತದೆ. ಪೊಲೀಸ್ ಕಾನ್‌ಸ್ಟೇಬಲ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕ ಹುದ್ದೆ, ಕೆಎಎಸ್ ಎಂದು ಕಣ್ಣಿಟ್ಟು ಕೂತವರು. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದ ರೈತರ, ಕೂಲಿಕಾರರ ಮಕ್ಕಳು. ಹಿಂದೆ ಟ್ರೇನಿಂಗ್ ಕಾಲೇಜಿಗೆ ಬರುತ್ತಿದ್ದ ಹಳ್ಳಿಯ ಹುಡುಗರ ನೇರ ವಾರಸುದಾರರು ಇವರೇ ಎಂದರೆ ತಪ್ಪಿಲ್ಲ. ಈಗ ಹುಡುಗಿಯರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅದು ದೊಡ್ಡ ಬದಲಾವಣೆ. ಧಾರವಾಡವನ್ನೇ ಏಕೆ ಆರಿಸಿದಿರಿ ಎಂದರೆ ಬರುವ ಉತ್ತರಗಳು ನೂರು ವರ್ಷದ ಹಿಂದಿನವೇ: ಬೆಂಗಳೂರಿಗಿಂತ ಖರ್ಚು ಕಡಿಮೆ, ಹವೆ ತಂಪು, ನಮ್ಮ ಮಾತು ನಡೆಯುತ್ತದೆ, ಜೊತೆಗೆ ಓದುವವರು ಸಿಗುತ್ತಾರೆ.

ಆದರೆ ಊರಿನ ಹಳೆಯ ಸಂಸ್ಥೆಗಳಿಗೆ ಇವರ ಪರಿಚಯ ಅಷ್ಟಾಗಿಲ್ಲ. ಸಾಹಿತ್ಯ ಸಭೆಗಳ ಮುಂದಿನ ಸಾಲುಗಳಲ್ಲಿ ನಿವೃತ್ತರೇ ಹೆಚ್ಚು. ಬಾಡಿಗೆಯ ವಾಚನಾಲಯದಲ್ಲಿ ತಿಂಗಳ ಶುಲ್ಕ ಕೊಟ್ಟು, ಮರದ ತಡಿಕೆಯ ನಡುವಿನ ಮೂರಡಿ ಮೇಜಿನಲ್ಲಿ ರಾತ್ರಿಯವರೆಗೆ ಓದುವ ಹುಡುಗಿಗೆ, ಅದೇ ಪರೀಕ್ಷೆಯ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬೇಂದ್ರೆ ಬರುತ್ತಾರೆ: ಯಾವ ಕೃತಿಗೆ, ಯಾವ ವರ್ಷ ಜ್ಞಾನಪೀಠ? ‘ನಾಕುತಂತಿ’, 1973. ಉತ್ತರ ಗುರುತು ಮಾಡಿ ಆಕೆ ಮುಂದಿನ ಪ್ರಶ್ನೆಗೆ ಹೋಗುತ್ತಾಳೆ. ಸಾಧನಕೇರಿ ಅಲ್ಲಿಂದ ದೂರವೇನಿಲ್ಲ. ನೇಮಕಾತಿ ತಡವಾದಷ್ಟೂ ಇವರ ವಾಸ ಎರಡು ವರ್ಷದಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ ಬೆಳೆಯುತ್ತದೆ. ಕೆಲವರು ಟ್ಯೂಶನ್ ಹೇಳುತ್ತ, ಕೆಲವರು ಮೆಸ್ಸಿನಲ್ಲಿ ಲೆಕ್ಕ ಬರೆಯುತ್ತ ಇಲ್ಲಿಯೇ ಉಳಿಯುತ್ತಾರೆ. ಸಂಜೆ ಚಹಾದಂಗಡಿಯ ಮುಂದೆ ಅವರು ಗುಂಪುಗೂಡಿ ನಿಂತಿರುತ್ತಾರೆ, ‘ನೋಟಿಫಿಕೇಶನ್ ಬಂತೇನು?’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಹಿಂದಿನ ಗೋಡೆಯ ಮೇಲೆ ‘ರೂಮು ಖಾಲಿ ಇದೆ’ ಎಂಬ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿರುತ್ತದೆ.